ಪರೀಕ್ಷೆಗೆ ಮೊದಲೇ ಅಳತೆಗೋಲು ಬೇಕು
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಭಾಷಣ)

ಕುಕ್ಕರ್ ಇಟ್ಟು ಕೂಗು ಎಣಿಸುವ ನಮಗೆ ಒತ್ತಡ ಅಂದ್ರೆ ಏನು ಅಂತ ಗೊತ್ತು. ಅದರೊಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 15 ಪೌಂಡ್. ಇಂದು 1,400 ಪೌಂಡ್ ಒತ್ತಡ ಕಂಡೂ "ಏನೂ ಆಗಲ್ಲ" ಎಂದು ಮುಂದುವರಿದವರ ಕಥೆ ಹೇಳುತ್ತೇನೆ.

ಅಮೆರಿಕದ ದಕ್ಷಿಣಕ್ಕಿರುವ ಮೆಕ್ಸಿಕೋ ಕೊಲ್ಲಿಯಲ್ಲಿ ಬಿಪಿ ಕಂಪನಿಯು ಮಕಾಂಡೊ ಎಂಬ ಎಣ್ಣೆ ಬಾವಿ ಕೊರೆಸಿತ್ತು. ಅಲ್ಲಿ ಸಮುದ್ರದ ಆಳವೇ ಸುಮಾರು 5,000 ಅಡಿ. ಕೊರೆದ ಮೇಲೆ ತಳಕ್ಕೆ ಸಿಮೆಂಟ್ ಹಾಕಿದರು. ಅದು ಗಟ್ಟಿಯಾಗಿ ಕೂತಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಬಾವಿಯೊಳಗಿನ ಭಾರವಾದ ಕೆಸರನ್ನು ಸ್ವಲ್ಪ ತೆಗೆದು, ಹಗುರವಾದ ಸಮುದ್ರದ ನೀರು ತುಂಬುತ್ತಾರೆ. ಮೇಲಿನ ಭಾರ ಇಳಿದಾಗಲೂ ಕೆಳಗಿನಿಂದ ಏನೂ ಒತ್ತಿಕೊಂಡು ಬರಬಾರದು. ಒತ್ತಡವನ್ನು ಸೊನ್ನೆಗೆ ಇಳಿಸಿದರೆ ಸೊನ್ನೆಯಲ್ಲೇ ನಿಲ್ಲಬೇಕು.

2010ರ ಏಪ್ರಿಲ್ 20ರಂದು ಅದು ನಿಲ್ಲಲಿಲ್ಲ. ಇಳಿಸಿದ ಮೇಲೆ ಮತ್ತೆ ಏರಿ ಕೊರೆಯುವ ಕೊಳವೆಯಲ್ಲಿ 1,400 ಪೌಂಡ್ ತೋರಿಸಿತು. ಅದೇ ಬಾವಿಗೆ ಸೇರಿದ ಇನ್ನೊಂದು ಸಣ್ಣ ಕೊಳವೆಯಲ್ಲಿ ಮಾತ್ರ ಸೊನ್ನೆ ಇತ್ತು. ಒಂದೇ ಬಾವಿಗೆ ಎರಡು ಲೆಕ್ಕ ಹೇಗೆ ಬಂತು? ಕೆಲಸಗಾರರು ಚರ್ಚೆ ಮಾಡಿದರು. ಕೊನೆಗೆ 1,400ಕ್ಕೆ ಏನೋ ಒಂದು ಕಾರಣ ಹೇಳಿಕೊಂಡು, ಸೊನ್ನೆಯನ್ನೇ ನಂಬಿ, ಪರೀಕ್ಷೆ ಪಾಸಾಯ್ತು ಅಂದರು. ಅದೇ ರಾತ್ರಿ ಅನಿಲ ಮೇಲಕ್ಕೆ ನುಗ್ಗಿ ಸ್ಫೋಟವಾಯಿತು. 11 ಮಂದಿ ಸತ್ತರು. 87 ದಿನ ಎಣ್ಣೆ ಸಮುದ್ರಕ್ಕೆ ಹರಿಯಿತು. ಎಷ್ಟೋ ಮೀನುಗಾರರ ದುಡಿಮೆ ನಿಂತುಹೋಯಿತು.

ಅವರೆಲ್ಲ ಅನುಭವಸ್ಥರೇ. ಆದರೆ ಅಮೆರಿಕದ ಅಧ್ಯಕ್ಷರು ನೇಮಿಸಿದ ಆಯೋಗ 2011ರಲ್ಲಿ ಹೇಳಿದ್ದೇನು ಗೊತ್ತೇ? ಈ ಪರೀಕ್ಷೆಯನ್ನು ಹೇಗೆ ಮಾಡಬೇಕು, ಯಾವ ಫಲಿತಾಂಶ ಬಂದರೆ ಪಾಸು ಎಂಬುದಕ್ಕೆ ಕಂಪನಿಯಲ್ಲಿ ಏಕರೂಪದ ನಿಯಮವೇ ಇರಲಿಲ್ಲ. ಸರಕಾರದ ನಿಯಮದಲ್ಲೂ ಇರಲಿಲ್ಲ. ಆ ದುರಂತದ ನಂತರವೇ ಅಲ್ಲಿ ಇಂಥ ಪರೀಕ್ಷೆ ಕಡ್ಡಾಯವಾಯಿತು.

ನೋಡಿ, ಅಳತೆಗೋಲು ಮೊದಲೇ ಇಲ್ಲದಿದ್ದರೆ ನಮಗೆ ಬೇಕಾದ ಉತ್ತರವನ್ನೇ ನಾವು ಓದಿಕೊಳ್ಳುತ್ತೇವೆ. ಆದ್ದರಿಂದ ಎಷ್ಟು ಬಂದರೆ ಸರಿ, ಎಷ್ಟು ಬಂದರೆ ನಿಲ್ಲಿಸಬೇಕು, ನಿಲ್ಲಿಸಿ ಅನ್ನೋ ಅಧಿಕಾರ ಯಾರಿಗೆ ಎಂಬ ಮೂರನ್ನೂ ಪರೀಕ್ಷೆಗೆ ಮುಂಚೆಯೇ ಬರೆದಿಡಬೇಕು. ಸಂಸ್ಥೆಯ ಎಲ್ಲ ಬಾವಿಗಳಿಗೂ ಅದೇ ನಿಯಮ ಇರಬೇಕು. ಎರಡು ಲೆಕ್ಕ ತಾಳೆಯಾಗದಿದ್ದರೆ ಕೆಲಸ ನಿಲ್ಲಬೇಕು.

ನಮ್ಮ ಸಂಘದ ಪುಸ್ತಕಕ್ಕೂ ಬ್ಯಾಂಕ್ ಪಾಸ್‌ಬುಕ್ಕಿಗೂ ತಾಳೆಯಾಗದ ದಿನ ಈ ಮಾತು ನೆನಪಿರಲಿ. ಒಪ್ಪುವ ಲೆಕ್ಕವನ್ನಷ್ಟೇ ನಂಬಬೇಡಿ, ಒಪ್ಪದ ಲೆಕ್ಕವನ್ನು ಮೊದಲು ಕೇಳಿ.