ಔಷಧಿಯ ಹಿಂದೆ ಒಬ್ಬರು ಕಟ್ಟಿದ ಫೀಸು
(ವಾರ್ಷಿಕ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ಆಸ್ಪತ್ರೆಯಲ್ಲಿ ರೋಗಿಗಳು ಕಷ್ಟಪಡುತ್ತಿರುವಾಗ ಕಾಲೇಜು ಫೀಸಿಗೆ ಇಷ್ಟು ಹಣವೇಕೆ ಎಂದು ಕೆಲವು ದಾನಿಗಳು ನಮ್ಮನ್ನು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 2021ರ ಅನುಭವದಿಂದ ಉತ್ತರ ಕೊಡುತ್ತೇವೆ.

ಆ ವರ್ಷ ಕೋವಿಡ್‌ನ ಎರಡನೇ ಅಲೆಯ ಬೆನ್ನಿಗೇ ‘ಕಪ್ಪು ಶಿಲೀಂಧ್ರ’ ಬಂತು. ವೈದ್ಯರು ಅದನ್ನು ಮ್ಯೂಕರ್‌ಮೈಕೋಸಿಸ್ ಎನ್ನುತ್ತಾರೆ. ಇದರ ಕಣಗಳು ಮಣ್ಣಿನಲ್ಲೂ ಗಾಳಿಯಲ್ಲೂ ಇರುತ್ತವೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ, ಹೆಚ್ಚು ಸ್ಟೀರಾಯ್ಡ್ ಪಡೆದವರಲ್ಲಿ ಅದು ಮೂಗಿನ ಒಳಗೆ ಬೆಳೆದು, ಅಪಧಮನಿಯ ಗೋಡೆಯನ್ನೇ ಹೊಕ್ಕು, ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ರಕ್ತ ಸಿಗದ ಭಾಗ ಸತ್ತು ಕಪ್ಪಾಗುತ್ತದೆ. ರಕ್ತ ಹರಿಯದ ಜಾಗಕ್ಕೆ ಔಷಧಿಯೂ ತಲುಪುವುದಿಲ್ಲ. ಆದ್ದರಿಂದ ಸತ್ತ ಭಾಗವನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕು, ಸಕ್ಕರೆ ಇಳಿಸಬೇಕು, ಮೂತ್ರಪಿಂಡದ ಮೇಲೆ ಕಣ್ಣಿಟ್ಟು ವಾರಗಟ್ಟಲೆ ಆಂಫೊಟೆರಿಸಿನ್-ಬಿ ಡ್ರಿಪ್ ಕೊಡಬೇಕು.

ಆಗ ಈ ಔಷಧಿಯ ಚೀಟಿ ಹಿಡಿದು ಕುಟುಂಬಗಳು ನಮ್ಮ ಬಳಿ ಬಂದವು. ನೀವು ಕೊಟ್ಟ ಹಣ ನಮ್ಮ ಕೈಯಲ್ಲಿತ್ತು, ಅಂಗಡಿಯಲ್ಲಿ ಔಷಧಿ ಇರಲಿಲ್ಲ. ಜೂನ್ 12ರಂದು ಜಿಎಸ್‌ಟಿ ಮಂಡಳಿ ಅದರ ಮೇಲಿನ ತೆರಿಗೆಯನ್ನು ತೆಗೆಯಲು ತೀರ್ಮಾನಿಸಿತು. ಆ ದಿನಗಳನ್ನು ನಾವು ಮರೆತಿಲ್ಲ. ಹಣವೊಂದೇ ಸಾಲದು, ಔಷಧಿ ಕಂಡುಹಿಡಿಯುವವರೂ ತಯಾರಿಸುವವರೂ ಬೇಕು ಎಂದು ಅಂದು ಕಲಿತೆವು.

ಶಿಲೀಂಧ್ರ ರೋಗಕ್ಕೆ ಮನುಷ್ಯರಿಗೆ ಕೊಡಬಹುದಾದ ಮೊದಲ ಆಂಟಿಬಯೋಟಿಕ್ ನಿಸ್ಟಾಟಿನ್. 1950ರಲ್ಲಿ ಅದನ್ನು ಪ್ರಕಟಿಸಿದವರು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಇಬ್ಬರು ಮಹಿಳೆಯರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಹಾಲಿನ ಡೇರಿಯೊಂದರ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಅದು ಸಿಕ್ಕಿತು. ಬಾಯಿ, ಚರ್ಮದ ಸೋಂಕಿಗೆ ಅದು ಸರಿ, ರಕ್ತನಾಳದೊಳಗೆ ಕೊಡುವಂತಿಲ್ಲ. ಅದೇ ಗುಂಪಿನ ಆಂಫೊಟೆರಿಸಿನ್-ಬಿ ಅದೇ ದಶಕದಲ್ಲಿ ವೆನೆಜುವೆಲಾದ ಮಣ್ಣಿನಿಂದ ಬಂತು.

ಹೇಜನ್ ಎಳವೆಯಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದವರು. ಬ್ರೌನ್ ಅವರ ಕಾಲೇಜು ಖರ್ಚನ್ನು ಕುಟುಂಬದ ಪರಿಚಯದ ಮಹಿಳೆಯೊಬ್ಬರು ವಹಿಸಿಕೊಂಡಿದ್ದರು. ನಿಸ್ಟಾಟಿನ್‌ನಿಂದ ಬಂದ 1.3 ಕೋಟಿ ಡಾಲರಿಗೂ ಹೆಚ್ಚಿನ ರಾಯಧನವನ್ನು ಇಬ್ಬರೂ ತಮಗಾಗಿ ಇಟ್ಟುಕೊಳ್ಳದೆ ವಿಜ್ಞಾನದ ಸಂಶೋಧನೆಗೆ ಬಿಟ್ಟುಕೊಟ್ಟರು.

ಆದ್ದರಿಂದ ಚಿಕಿತ್ಸಾ ನೆರವನ್ನೂ ನಿಲ್ಲಿಸುವುದಿಲ್ಲ, ವಿದ್ಯಾರ್ಥಿವೇತನವನ್ನೂ ನಿಲ್ಲಿಸುವುದಿಲ್ಲ. ಹೆಣ್ಣುಮಕ್ಕಳ ತಂದೆ-ತಾಯಂದಿರಲ್ಲಿ ವಿಶೇಷ ವಿನಂತಿ: ಪಿಯುಸಿಗೇ ಓದು ಬಿಡಿಸಬೇಡಿ, ಅರ್ಜಿ ಹಾಕಿಸಿ.

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ಮುಖದ ಒಂದು ಬದಿ ಊದಿಕೊಂಡು ನೋವಾದರೆ, ಮೂಗಿನಿಂದ ಕಪ್ಪು ಸ್ರಾವ ಬಂದರೆ, ದೃಷ್ಟಿ ಮಂಜಾದರೆ, ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಖರ್ಚಿನ ಚಿಂತೆಯಿದ್ದರೆ ನಮಗೆ ತಿಳಿಸಿ.