ದಂತ್ಯಾಕ್ಷರಗಳ ನೆಲೆ



ತ, ಥ, ದ, ಧ, ನ ದಂತ್ಯಗಳೆಂದು ಬೋಧಿಸುವ ನಾವು, ಮುಂದಿನ ಎರಡು ಹಲ್ಲುಗಳು ಬಿದ್ದಂದು ತರಗತಿಯಲ್ಲಿ ನಗೆಗೀಡಾದೆವು. ಹಲ್ಲು ಹೋದೆಡೆ ದವಡೆಯ ಮೂಳೆಯೂ ಕ್ರಮೇಣ ಸವೆಯುವುದೆಂದು ವೈದ್ಯರಿಂದಲೇ ತಿಳಿದೆವು.

ಟೈಟಾನಿಯಂ ಲೋಹವು ಜೀವಂತ ಮೂಳೆಯೊಡನೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಅವರು ಮೊಲದ ಕಾಲಿನಲ್ಲಿ ಕಂಡರು. 1965ರಲ್ಲಿ ಮನುಷ್ಯನ ದವಡೆಗೆ ಆ ಲೋಹದ ಬೇರನ್ನು ನೆಟ್ಟರು. ಇಂದು ಗಣಕಯಂತ್ರದ ಮೂರಾಯಾಮದ ಚಿತ್ರವು ಮೂಳೆಯ ದಪ್ಪವನ್ನೂ ಕೆಳದವಡೆಯ ನರದ ಹಾದಿಯನ್ನೂ ಮೊದಲೇ ತೋರುತ್ತದೆ. ಆ ಚಿತ್ರಕ್ಕೆ ಸರಿಯಾಗಿ ಮುದ್ರಿಸಿದ ಅಚ್ಚನ್ನು ಬಾಯಲ್ಲಿ ಕೂರಿಸಿ, ಅದರ ರಂಧ್ರದ ಮೂಲಕವೇ ಬೈರಿಗೆಯನ್ನು ಇಳಿಸುತ್ತಾರೆ. ಕೈ ತಪ್ಪಲು ಎಡೆ ಕಡಿಮೆ. (ವೆಚ್ಚ ಕೇಳಿ ಕಂಗೆಟ್ಟದ್ದೂ ನಿಜ.)

ಅಚ್ಚು ಬೇಗನೆ ಸಿದ್ಧವಾಯಿತು. ಮೂಳೆಯಾದರೋ ಯಂತ್ರದ ಅವಸರಕ್ಕೆ ಮಣಿಯದು. ಬೆಸುಗೆಗೆಂದು ನಾಲ್ಕು ತಿಂಗಳು ಕಾದೆವು. ಈಗ ನಾವು ‘ದಂತ’ ಎಂದರೆ ಹಿಂದಿನ ಬೆಂಚಿನವರೂ ನಗುವುದಿಲ್ಲ.