ಸಾಕಿದವರ ಹಕ್ಕು, ಸಾಕಿದವರ ಹೊಣೆ



ತಬ್ಬಲಿ ಮಗುವನ್ನು ಮಡಿಲಿಗೆ ಹಾಕಿಕೊಂಡು ಸಾಕುವುದು ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗೆ ಹೊಸದಲ್ಲ. ಅಜ್ಜಿಯೋ ಸೋದರಮಾವನೋ ಚಿಕ್ಕಪ್ಪನೋ ಯಾರ ಅಪ್ಪಣೆಯನ್ನೂ ಕೇಳದೆ ಈ ಕೆಲಸ ಮಾಡುತ್ತ ಬಂದಿದ್ದಾರೆ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ, ಆಮ್ಲಜನಕದ ಕೊರತೆಯ ನಡುವೆ, 24 ರೋಗಿಗಳು ತೀರಿಕೊಂಡರು. ಅಂಥ ಸಾವು ಹೊಕ್ಕ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಮಕ್ಕಳ ಕೈ ಹಿಡಿಯುವವರು ಯಾರು?

ಕೈ ಹಿಡಿದವರು ಪುಣ್ಯವಂತರು. ಆದರೆ ನಾವು ಒಂದು ಮಾತನ್ನು ತಿಳಿದಿರಬೇಕು: ಪ್ರೀತಿ ಇದ್ದ ಮಾತ್ರಕ್ಕೆ ಕಾನೂನಿನ ಅಧಿಕಾರ ಬರುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆ ವೀರಶೈವ, ಲಿಂಗಾಯತರ ಹೆಸರು ಹೇಳಿಯೇ ಅವರಿಗೂ ಅನ್ವಯಿಸುತ್ತದೆ. ಅದು ಸಹಜ ಪಾಲಕರೆಂದು ಎಣಿಸುವುದು ತಂದೆತಾಯಿಗಳನ್ನು, ಅಜ್ಜಿಯನ್ನಲ್ಲ, ಮಾವನನ್ನಲ್ಲ. 'ನಾನು ಸಾಕುತ್ತಿದ್ದೇನೆ' ಎಂಬ ಒಂದೇ ಕಾರಣದಿಂದ ಮಗುವಿನ ಆಸ್ತಿಯನ್ನು ಯಾರೂ ಪರಭಾರೆ ಮಾಡುವಂತಿಲ್ಲ.

ಹಾಗಾದರೆ ಸಾಕಿದವರಿಗೆ ದಾರಿಯಿಲ್ಲವೆ? ಇದೆ. 1890ರ ಪಾಲಕರ ಕಾಯ್ದೆಯಂತೆ ಮಗು ವಾಸಿಸುವ ಜಿಲ್ಲೆಯ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಪಾಲಕರೆಂಬ ಆದೇಶ ಪಡೆಯಬಹುದು. ನ್ಯಾಯಾಲಯವು ಮಗುವಿನ ವಯಸ್ಸು, ಅರ್ಜಿದಾರರ ನಡತೆ, ರಕ್ತಸಂಬಂಧ, ತೀರಿಕೊಂಡ ತಂದೆತಾಯಿಗಳ ಇಚ್ಛೆ ಎಲ್ಲವನ್ನೂ ತೂಗಿ ನೋಡುತ್ತದೆ. ತಿಳಿವಳಿಕೆ ಬಂದ ಮಗುವಾದರೆ ಅದರ ಮನಸ್ಸನ್ನೂ ಕೇಳುತ್ತದೆ. ತಂದೆಯೋ ತಾಯಿಯೋ ಬದುಕಿದ್ದು ಯೋಗ್ಯರಾಗಿದ್ದರೆ ಅವರ ಮಾತಿಗೆ ತೂಕ ಹೆಚ್ಚು. ಆದರೂ ಕೊನೆಗೆ ಮಗುವಿನ ಕ್ಷೇಮವೇ ಎಲ್ಲಕ್ಕಿಂತ ದೊಡ್ಡದು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿರಿ. ಬಂಧುಗಳ ಆಸರೆಯಲ್ಲಿರುವ ಅರ್ಹ ಮಕ್ಕಳಿಗೆ ತಿಂಗಳಿಗೆ 4000 ರೂಪಾಯಿ ನೆರವು ಕೊಡಲು 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಅದನ್ನು ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿರಿ.

'ನಮ್ಮ ಮಗುವಿಗೆ ಕೋರ್ಟಿನ ಕಾಗದವೇಕೆ?' ಎಂದು ಕೆಲವರು ಕೇಳುತ್ತಾರೆ. ಆ ಕಾಗದ ಮಗುವಿಗೂ ಕಾವಲು, ಸಾಕಿದವರಿಗೂ ಕಾವಲು. ಆದೇಶ ಪಡೆದ ಪಾಲಕನೂ ನ್ಯಾಯಾಲಯದ ಅನುಮತಿಯಿಲ್ಲದೆ ಮಗುವಿನ ಹೊಲವನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಇದು ಅಪನಂಬಿಕೆಯಲ್ಲ. ಪರರ ಒಡವೆಯನ್ನು ಕಾಯುವವನಿಗೆ ಲೆಕ್ಕವೇ ಮಾನ. ಅರಿಶಿನ ಬೆಳೆದ ಹಣವೆಷ್ಟು, ಮಗುವಿನ ಓದಿಗೆ ಹೋದದ್ದೆಷ್ಟು ಎಂದು ಬರೆದಿಡಿ. ಹದಿನೆಂಟು ತುಂಬಿದ ದಿನ ಪಹಣಿಯನ್ನೂ ಲೆಕ್ಕದ ಪುಸ್ತಕವನ್ನೂ ಆ ಮಗುವಿನ ಕೈಗಿತ್ತು ತಲೆಯೆತ್ತಿ ನಿಲ್ಲುವಂತಾಗಬೇಕು. ಸಾಕಿದ ಕೈಗೆ ಅದಕ್ಕಿಂತ ದೊಡ್ಡ ಹಕ್ಕು ಬೇರೊಂದಿಲ್ಲ.